ಡಬ್ಬಿ, ಪೌಚು, ಸ್ಟಿಕ್ಕರ್: ಪ್ರಿಂಟಿಗೆ ಹೋಗುವ ಫೈಲು ಯಾರ ಕೈಲಿ ಮಾಡಿಸಬೇಕು?

ದೀಪಾವಳಿ ಇನ್ನೂ ಎರಡು ತಿಂಗಳು ಇದೆ ಅನ್ನುವಾಗಲೇ ನನ್ನ ಫೋನಿಗೆ ಒಂದೇ ನಮೂನೆಯ ಪ್ರಶ್ನೆಗಳು ಬರತೊಡಗುತ್ತವೆ. ಅಮೀನಗಡದ ಕರದಂಟಿನವರು, ಬೆಳಗಾವಿಯ ಕುಂದಾದವರು, ನಮ್ಮ ವಿಜಯಪುರದ ಒಣದ್ರಾಕ್ಷಿಯವರು, ಮನೆಯಲ್ಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ ಮಾಡಿ ಮಾರುವ ಅಕ್ಕಂದಿರು, ಎಲ್ಲರದೂ ಹೆಚ್ಚುಕಡಿಮೆ ಇದೇ ಮಾತು: "ಅಣ್ಣಾ, ಡಿಸೈನ್ ನಾನ ಕ್ಯಾನ್ವಾ ಆ್ಯಪ್‌ನಾಗ ಮಾಡ್ಲ್ಯಾ? ಡಿಟಿಪಿ ಅಂಗಡಿಗೆ ಹೋಗ್ಲ್ಯಾ? ಪ್ರೆಸ್‌ನವರು ನಾವ ಪುಕ್ಕಟೆ ಮಾಡಿ ಕೊಡ್ತೀವಿ ಅಂತಾರ, ಅವರಿಗೇ ಬಿಡ್ಲ್ಯಾ?"

ನಾನೂ ಇಪ್ಪತ್ತು ವರ್ಷದಿಂದ ಡಿಟಿಪಿ ಟೇಬಲ್ಲಿಗೆ ಕೂತವನು. ಹಾಗಾಗಿ ನನ್ನ ಮಾತು ಡಿಟಿಪಿ ಕಡೆ ಒಂದಿಷ್ಟು ವಾಲಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಓದಿ. ಆದರೆ ಬಂದ ಗಿರಾಕಿಗಳಲ್ಲಿ ಎಷ್ಟೋ ಜನರನ್ನು "ನಿಮಗ ನಾ ಬ್ಯಾಡ, ಮನ್ಯಾಗ ಕುಂತು ಮಾಡ್ಕೋರಿ" ಅಂತ ವಾಪಸ್ ಕಳಿಸಿದ್ದೂ ಇದೆ.

"ಯಾರು ಮಾಡಬೇಕು" ಅನ್ನುವುದು ಎರಡನೇ ಪ್ರಶ್ನೆ. ಯಾವುದರ ಮೇಲೆ, ಎಷ್ಟು, ಯಾವ ಮಷೀನಿನಲ್ಲಿ ಪ್ರಿಂಟಾಗುತ್ತದೆ ಅನ್ನುವುದು ಮೊದಲನೆಯದು. ಅದು ಗೊತ್ತಿಲ್ಲದೆ ಫೈಲು ಮಾಡಿಸುವುದೆಂದರೆ ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತೆ.

ಮೊದಲು ಮಷೀನು

ಸ್ಟಿಕ್ಕರ್ ನೂರೋ ಐನೂರೋ ಬೇಕು, ರೆಡಿಮೇಡ್ ಪೌಚಿನ ಮೇಲೆ, ಬಾಟಲಿ ಮೇಲೆ ಕೈಯಿಂದಲೇ ಅಂಟಿಸುತ್ತೇವೆ ಅನ್ನುವವರಿಗೆ ಡಿಜಿಟಲ್ ಪ್ರಿಂಟ್. ಇದಕ್ಕೆ ಪ್ಲೇಟು ಬೇಡ. ಇವತ್ತು ತಪ್ಪು ಕಂಡರೆ ನಾಳೆ ತಿದ್ದಿ ಮತ್ತೆ ಐವತ್ತು ತೆಗೆಯಬಹುದು. ಫೈಲಿನ ಪುಟ್ಟ ಕುಂದನ್ನು ಕ್ಷಮಿಸುವ ಮಷೀನು ಇದೊಂದೇ.

ರಟ್ಟಿನ ಡಬ್ಬಿಗೆ ಆಫ್‌ಸೆಟ್. ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು, ಮೇಲೆ ಕತ್ತರಿಸಿ ಮಡಿಕೆ ಹಾಕಲು ಡೈ. ಈ ತಯಾರಿ ಖರ್ಚು 5,000 ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಬರೀ ಲೆಕ್ಕಕ್ಕೆ. 500 ಡಬ್ಬಿ ಮಾಡಿಸಿದರೆ ತಯಾರಿಯದೇ ಡಬ್ಬಿಗೆ 10 ರೂಪಾಯಿ ಬೀಳುತ್ತದೆ, 5,000 ಮಾಡಿಸಿದರೆ 1 ರೂಪಾಯಿ. ಅದಕ್ಕೇ ಪ್ರೆಸ್ಸಿನವರು "ಸಾವಿರಕ್ಕಿಂತ ಕಮ್ಮಿ ಬ್ಯಾಡ್ರಿ" ಅನ್ನುವುದು, ಜಂಬಕ್ಕಲ್ಲ.

ಪೌಚಿನ ಮೇಲೆಯೇ ನೇರವಾಗಿ ಬಣ್ಣ ಬರಬೇಕೆಂದರೆ ಗ್ರೇವ್ಯೂರ್ ಅಥವಾ ಫ್ಲೆಕ್ಸೋ. ಗ್ರೇವ್ಯೂರಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಲೋಹದ ಸಿಲಿಂಡರ್ ಕೊರೆಯುತ್ತಾರೆ. ಒಂದು ಅಕ್ಷರ ತಪ್ಪಿದರೂ ಆ ಬಣ್ಣದ ಸಿಲಿಂಡರ್ ಹೊಸದಾಗಿ ಆಗಬೇಕು. ಪಾರದರ್ಶಕ ಪೌಚಾದರೆ ಇನ್ನೊಂದು ತೊಡಕು. ಪ್ಲಾಸ್ಟಿಕ್ಕಿಗೆ ತನ್ನದೇ ಬಿಳಿ ಇಲ್ಲ. ಬಣ್ಣದ ಹಿಂದೆ ಬಿಳಿ ಮಸಿಯ ಹಾಸು ಬೇಕು, ಅದಕ್ಕೆ ಫೈಲಿನಲ್ಲಿ ಬೇರೆಯೇ ಪದರ ಬೇಕು. ಅದನ್ನು ಬಿಟ್ಟರೆ ಹಳದಿ ಅಕ್ಷರದ ಹಿಂದೆ ಒಣದ್ರಾಕ್ಷಿ ಕಾಣಿಸಿ ಅಕ್ಷರ ಮಾಯ.

ಬಟ್ಟೆ ಚೀಲ, ತಾಂಬೂಲ ಚೀಲಕ್ಕೆ ಸ್ಕ್ರೀನ್ ಪ್ರಿಂಟಿಂಗ್. ಒಂದೆರಡು ಗಟ್ಟಿ ಬಣ್ಣ ಸಾಕು. ಫೋಟೋ, ಮಸುಕಾಗುತ್ತ ಹೋಗುವ ಬಣ್ಣ ಇಲ್ಲಿಗೆ ತರಬೇಡಿ.

ತೂಗಿ ನೋಡಬೇಕಾದ್ದು ಯಾವುದು

ಮಷೀನು ತಿಳಿದ ಮೇಲೆ, ಯಾರ ಕೈಲಿ ಮಾಡಿಸಿದರೂ ನಾನು ಐದು ವಿಷಯ ನೋಡುತ್ತೇನೆ. ಕನ್ನಡ ಅಕ್ಷರ ಒಡೆಯದೆ ಉಳಿಯುತ್ತದೆಯೇ. ಬಣ್ಣ ಪರದೆಯ ಮೇಲೆ ಕಂಡದ್ದಕ್ಕೆ ಹತ್ತಿರ ಬರುತ್ತದೆಯೇ. ಅಳತೆ, ಅಂಚು, ಮಡಿಕೆ ಸರಿ ಇದೆಯೇ. ಮುಂದಿನ ವರ್ಷ ಬರೀ ತೂಕ ಬದಲಿಸಿ 250 ಗ್ರಾಂ ಇದ್ದದ್ದನ್ನು 500 ಮಾಡಬೇಕಾದರೆ ತಿದ್ದುವ ಫೈಲು ನಿಮ್ಮ ಹತ್ತಿರ ಇರುತ್ತದೆಯೇ. ಕೊನೆಯದು, ತಪ್ಪಾದರೆ ಯಾರ ಕೊರಳಿಗೆ. ರೊಕ್ಕ ಇವೆಲ್ಲದರ ಜೊತೆಗೇ ಓಡುತ್ತಿರುತ್ತದೆ, ಅದನ್ನು ಬೇರೆ ಎಣಿಸುವುದು ಬೇಡ.

ಇವುಗಳಲ್ಲಿ ಮೊದಲನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಯಾಕೆ ಅನ್ನುವುದಕ್ಕೆ ನನ್ನದೇ ಕಥೆ ಇದೆ.

ಒಬ್ಬ ಒಣದ್ರಾಕ್ಷಿ ವ್ಯಾಪಾರಿಗೆ 2,000 ಡಬ್ಬಿಯ ಫೈಲು ಮಾಡಿಕೊಟ್ಟಿದ್ದೆ. ಪ್ರಿಂಟಾದದ್ದು ಗಡಿಯಾಚೆ, ಮಹಾರಾಷ್ಟ್ರದ ಒಂದು ಪ್ರೆಸ್ಸಿನಲ್ಲಿ. ಯೂನಿಕೋಡ್ ಅಕ್ಷರದಲ್ಲಿ ಬರೆದಿದ್ದೆ, ಅವಸರದಲ್ಲಿ ಕರ್ವ್ ಮಾಡದೆ ಕಳಿಸಿದೆ. ಅಲ್ಲಿಯ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ ಕೋರೆಲ್ ತಂತ್ರಾಂಶದ ಹಳೆಯ ಆವೃತ್ತಿ ಇತ್ತು. ಅದಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಡಬ್ಬಿ ಬಂದಾಗ "ದ್ರಾಕ್ಷಿ" ಅನ್ನುವ ಜಾಗದಲ್ಲಿ ದ, ಅರ್ಧಚಂದ್ರದಂಥದೊಂದು ಕೊಂಡಿ, ರ, ಅದರ ಪಕ್ಕ ಬಿಡಿ ದೀರ್ಘ, ಕ, ಮತ್ತೊಂದು ಕೊಂಡಿ, ಷ, ತಲೆಯಿಂದ ಕಳಚಿ ಬಿದ್ದ ಗುಡಿಸು. ಅಂಗಡಿಯ ತುಂಬ ಸಾಲಾಗಿ ನಿಂತ 2,000 ಡಬ್ಬಿಗಳ ಮೇಲೂ ಹಾಗೇ. ಪ್ರೆಸ್ಸಿನ ಹುಡುಗನನ್ನು ಬೈಯಲೂ ಆಗಲಿಲ್ಲ. ಕನ್ನಡ ಓದಲು ಬಾರದವನಿಗೆ ಅದೂ ಕನ್ನಡವೇ. ಅರ್ಧ ಖರ್ಚು ನಾನು ಹೊತ್ತೆ. ಅಂದಿನಿಂದ ಕರ್ವ್ ಆಗದ ಕನ್ನಡ ನನ್ನ ಮೇಜು ದಾಟಿಲ್ಲ.

ಕರ್ವ್ ಮಾಡುವುದೆಂದರೆ ಅಕ್ಷರವನ್ನು ಅಕ್ಷರವಾಗಿ ಬಿಡದೆ ಬರೀ ಆಕಾರದ ಗೆರೆಯಾಗಿಸುವುದು. ಕೋರೆಲ್‌ನಲ್ಲಿ ಕಂಟ್ರೋಲ್ ಒತ್ತಿ ಕ್ಯೂ. ಆಮೇಲೆ ಆ ಅಕ್ಷರಶೈಲಿ ಎದುರಿನವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಏನೂ ಆಗುವುದಿಲ್ಲ. ಆದರೆ ಕರ್ವ್ ಆದದ್ದನ್ನು ಮತ್ತೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಅದಕ್ಕೇ ಎರಡು ಪ್ರತಿ ಇಡಬೇಕು, ತಿದ್ದುವುದಕ್ಕೊಂದು, ಕಳಿಸುವುದಕ್ಕೊಂದು.

ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದಾದರೆ ಅವಾಂತರ ಬೇರೆ ನಮೂನೆಯದು. ಅವು ಒಳಗೊಳಗೆ ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಬಟ್ಟೆ ತೊಡಿಸಿದವು. ಅಕ್ಷರಶೈಲಿ ಸಿಗದ ಕಂಪ್ಯೂಟರಿನಲ್ಲಿ ಬಟ್ಟೆ ಜಾರಿ, ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಇದು ಒಂಥರಾ ವಾಸಿ, ಕನ್ನಡ ಬಾರದವನಿಗೂ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತದೆ.

ಕ್ಯಾನ್ವಾದಲ್ಲಿ ತಾವೇ ಮಾಡಿಕೊಳ್ಳುವುದು

ಇದನ್ನು ಹಳಿಯುವುದು ನಮ್ಮ ಧಂದೆಯವರಿಗೆ ಚಟ. ನಾನು ಹಳಿಯುವುದಿಲ್ಲ. ಕನ್ನಡದ ಒತ್ತಕ್ಷರ ಇದರಲ್ಲಿ ಸರಿಯಾಗಿ ಕೂಡುತ್ತದೆ, ಕನ್ನಡಕ್ಕೆ ಚಂದದ ಅಕ್ಷರಶೈಲಿಗಳೂ ಸಿಗುತ್ತವೆ. ಫೋನಿನಲ್ಲೇ ಆಗುತ್ತದೆ, ತಿದ್ದುವ ಫೈಲು ಸದಾ ನಿಮ್ಮ ಖಾತೆಯಲ್ಲೇ ಇರುತ್ತದೆ. ಈ ಕೊನೆಯ ಮಾತು ಸಣ್ಣದಲ್ಲ. ಹೊಸ ಬ್ಯಾಚಿಗೆ ಖಾರ ಕಡಿಮೆ ಮಾಡಿ "ಮೀಡಿಯಂ" ಅಂತ ಬರೆಯಬೇಕೆಂದರೆ ಯಾರ ಬಾಗಿಲೂ ಬಡಿಯಬೇಕಿಲ್ಲ.

ತೊಂದರೆ ಎಲ್ಲಿ? ಬಣ್ಣದಲ್ಲಿ. ಫೋನಿನ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅದು ಆರ್‌ಜಿಬಿ. ಪ್ರೆಸ್ಸು ಕಾಗದದ ಮೇಲೆ ಮಸಿ ಬಳಿದು ಮಾಡುತ್ತದೆ, ಅದು ಸಿಎಂವೈಕೆ. ಬೆಳಕಿಗೆ ಆಗುವುದೆಲ್ಲ ಮಸಿಗೆ ಆಗುವುದಿಲ್ಲ. ಹೊಳೆಯುವ ಗಿಳಿಹಸಿರು, ಮಿಂಚುವ ನೀಲಿ ಕಾಗದಕ್ಕೆ ಬಂದಾಗ ಬಾಡಿದಂತೆ ಕಾಣುತ್ತವೆ. ಕ್ಯಾನ್ವಾದಲ್ಲಿ ಸಿಎಂವೈಕೆ ಪಿಡಿಎಫ್ ತೆಗೆಯಲು ದುಡ್ಡು ಕೊಟ್ಟು ತೆಗೆದುಕೊಂಡ ಖಾತೆ ಬೇಕು. ಪುಕ್ಕಟೆ ಖಾತೆಯ ಫೈಲನ್ನು ಪ್ರೆಸ್ಸಿನವರೇ ಬದಲಿಸಿಕೊಳ್ಳುತ್ತಾರೆ, ಬದಲಿಸುವಾಗ ಬಣ್ಣ ಎತ್ತ ಹೋಗುತ್ತದೆ ಅನ್ನುವುದು ಅವರ ಮರ್ಜಿ. ಬಿಳಿ ಮಸಿಯ ಪದರ, ಚಿನ್ನದ ಫಾಯಿಲಿನ ಪದರ, ಡೈ ಗೆರೆಯನ್ನು ಪ್ರಿಂಟಾಗದ ಬೇರೆ ಬಣ್ಣವಾಗಿ ಇಡುವುದು, ಇವು ಇಲ್ಲಿ ಆಗದ ಕೆಲಸ.

ಹಾಗಾಗಿ ಡಿಜಿಟಲ್ ಸ್ಟಿಕ್ಕರಿಗೆ ಕ್ಯಾನ್ವಾ ಧಾರಾಳ ಸಾಕು. ಡಬ್ಬಿಗೆ ಅರ್ಧ ದಾರಿ. ಸಿಲಿಂಡರ್ ಪೌಚಿಗೆ ಬೇಡವೇ ಬೇಡ. ಮಾಡುವುದಾದರೆ ಮೂರು ಮಾತು ನೆನಪಿರಲಿ. ಅಳತೆಯನ್ನು ಮೊದಲೇ ಮಿಲಿಮೀಟರಿನಲ್ಲಿ ಕೊಟ್ಟು ಶುರು ಮಾಡಿ, ಇನ್‌ಸ್ಟಾಗ್ರಾಂ ಪೋಸ್ಟಿನ ಚೌಕದಲ್ಲಿ ಮಾಡಿ ಆಮೇಲೆ ಎಳೆಯಬೇಡಿ. ತೆಗೆಯುವಾಗ ಪಿಡಿಎಫ್ ಪ್ರಿಂಟ್ ಆರಿಸಿ, ಕ್ರಾಪ್ ಮಾರ್ಕ್ (ಕತ್ತರಿಸುವ ಗುರುತು) ಮತ್ತು ಬ್ಲೀಡ್ (ಅಂಚಿನಾಚೆ ಹರಿಸಿದ ಬಣ್ಣ) ಆನ್ ಮಾಡಿ. ಜೆಪೆಗ್ ಕಳಿಸಬೇಡಿ. ಜೆಪೆಗ್‌ನಲ್ಲಿ ಅಕ್ಷರವೂ ಫೋಟೋದಂತೆ ಚುಕ್ಕಿಚುಕ್ಕಿಯಾಗಿ ಅಂಚು ಮಸುಕಾಗುತ್ತದೆ, ನಮ್ಮ ಒತ್ತಕ್ಷರಗಳಂಥ ಸಣ್ಣ ಸುರುಳಿಗಳಿಗೆ ಮೊದಲ ಪೆಟ್ಟು.

ಡಿಟಿಪಿ ಅಂಗಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲಿ ಹೋದರೂ ಡಿಟಿಪಿ ಅಂದರೆ ಕೋರೆಲ್‌ಡ್ರಾ. ಪ್ರೆಸ್ಸಿನವರೂ "ಸಿಡಿಆರ್ ಕಳಸ್ರಿ" ಅಂತ ಕೋರೆಲ್ ಫೈಲನ್ನೇ ಕೇಳುತ್ತಾರೆ. ಇಬ್ಬರದೂ ಒಂದೇ ಭಾಷೆ, ಇದೇ ಇಲ್ಲಿಯ ದೊಡ್ಡ ಲಾಭ. ಬೆಳಗಾವಿಯ ಡಿಟಿಪಿಯವರಿಗೆ ಇನ್ನೊಂದು ಅನುಕೂಲ, ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದೇ ಲೇಬಲ್ಲಿನಲ್ಲಿ ಕೂಡಿಸಿ ಕೈ ಪಳಗಿದೆ. ಕುಂದಾ ಡಬ್ಬಿ ಕೊಲ್ಹಾಪುರದ ಅಂಗಡಿಗೂ ಹೋಗಬೇಕೆಂದರೆ ಈ ಅನುಭವ ಬೇಕೇ ಬೇಕು.

ಎದುರಿಗೆ ಕೂತು ಮಾಡಿಸಬಹುದು. "ಈ ಹೂ ಇತ್ತ ಸರಸ್ರಿ, ಕೆಂಪು ಇನ್ನ ಸ್ವಲ್ಪ ದಾಳಿಂಬರಿ ಹಂಗ ಆಗ್ಲಿ" ಅಂದರೆ ಅಲ್ಲೇ ಆಗುತ್ತದೆ. ಪುಟಕ್ಕಿಷ್ಟು, ಲೇಬಲ್ಲಿಗಿಷ್ಟು ಅಂತ ದರವೂ ಮೊದಲೇ ಗೊತ್ತಿರುತ್ತದೆ.

ಕೊರತೆಯನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳಷ್ಟು ಜನ ಬೆಳೆದದ್ದು ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಬ್ಯಾನರಿನಲ್ಲಿ. ಬ್ಯಾನರನ್ನು ಹತ್ತಡಿ ದೂರದಿಂದ ನೋಡುತ್ತಾರೆ, ಅಲ್ಲಿ 72 ಡಿಪಿಐ, ಅಂದರೆ ಇಂಚಿಗೆ 72 ಚುಕ್ಕಿಯ ಫೋಟೋ ಕೂಡ ನಡೆದುಹೋಗುತ್ತದೆ. ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಅಲ್ಲಿ 300 ಬೇಕು. ವಾಟ್ಸಾಪಿನಲ್ಲಿ ಬಂದ ಗೋಳಗುಮ್ಮಟದ ಫೋಟೋ ಅಗಲ 800 ಪಿಕ್ಸೆಲ್ ಇದ್ದರೆ, 300ರಿಂದ ಭಾಗಿಸಿ ನೋಡಿ, ಎರಡೂಮುಕ್ಕಾಲು ಇಂಚೂ ಬರುವುದಿಲ್ಲ. ಅದನ್ನೇ ಎಂಟು ಇಂಚಿನ ಡಬ್ಬಿಯ ಮುಚ್ಚಳಕ್ಕೆ ಎಳೆದರೆ ಗುಮ್ಮಟ ಮಂಜಿನಲ್ಲಿ ನಿಂತಂತೆ ಕಾಣುತ್ತದೆ. ಅಂತರ್ಜಾಲದಿಂದ ಎತ್ತಿದ ಫೋಟೋಗೆ ಯಾರಾದರೂ ವಾರಸುದಾರರು ಇರುತ್ತಾರೆ ಅನ್ನುವುದು ಬೇರೆ ಮಾತು. ನಿಮ್ಮ ಫೋನಿನಲ್ಲೇ ಒಂದು ಮುಂಜಾನೆ ಹೋಗಿ ತೆಗೆದುಕೊಳ್ಳಿ, ಊರಲ್ಲೇ ಇದೆಯಲ್ಲ.

ಇನ್ನೊಂದು ಕೊರತೆ ಕಪ್ಪು ಅಕ್ಷರದ್ದು. ಗಡಿಬಿಡಿಯಲ್ಲಿ ನಾಲ್ಕೂ ಬಣ್ಣ ಬೆರೆಸಿದ ಕಪ್ಪಿನಲ್ಲಿ ಸಣ್ಣ ಅಕ್ಷರ ಕೂರಿಸಿಬಿಡುತ್ತಾರೆ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು. ಪದಾರ್ಥಗಳ ಪಟ್ಟಿ, ವಿಳಾಸ ಎಲ್ಲ ಬರೀ ಕಪ್ಪು ಪ್ಲೇಟಿನ ನೂರು ಪ್ರತಿಶತದಲ್ಲೇ ಇರಬೇಕು. ಕಡುಗಂದು ಹಿನ್ನೆಲೆಯ ಮೇಲೆ ಬಿಳಿ ಕನ್ನಡ ಅಕ್ಷರ ಬೇಕೆಂದರೆ ದಪ್ಪ ಶೈಲಿ ಆರಿಸಿ, ಗಾತ್ರ ದೊಡ್ಡದಿರಲಿ. ಇಂಗ್ಲಿಷ್ 6 ಪಾಯಿಂಟಿನಲ್ಲಿ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತು ಆ ಗಾತ್ರದಲ್ಲಿ ಮಸಿ ತುಂಬಿ ಗುಂಡಗಾಗುತ್ತದೆ, 8ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಅಂಗಡಿ ಆರಿಸುವಾಗ "ಡಿಸೈನ್ ತೋರಸ್ರಿ" ಅನ್ನಬೇಡಿ. "ನೀವು ಮಾಡಿದ್ದು ಪ್ರಿಂಟಾಗಿ ಬಂದ ಡಬ್ಬಿ ತೋರಸ್ರಿ" ಅನ್ನಿ. ಭೂತಗನ್ನಡಿ ಇದ್ದರೆ ಹಿಡಿದು ನೋಡಿ. ಫೋಟೋದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಹೂವಿನಂತೆ ಒಂದರ ಪಕ್ಕ ಒಂದು ಕೂತಿರಬೇಕು, ಸಣ್ಣ ಅಕ್ಷರದಲ್ಲಿ ಮಾತ್ರ ಒಂದೂ ಬಣ್ಣದ ಚುಕ್ಕಿ ಕಾಣಬಾರದು. ಇಷ್ಟು ನೋಡಿದರೆ ಆ ಕೈಯ ಹದ ಗೊತ್ತಾಗುತ್ತದೆ.

ಪ್ರೆಸ್ಸಿನವರೇ ಪುಕ್ಕಟೆ ಮಾಡಿಕೊಡುವುದು

ಇದು ಪುಕ್ಕಟೆ ಅಲ್ಲ, ಪ್ರಿಂಟಿಂಗ್ ದರದೊಳಗೆ ಸೇರಿದ್ದು. ಅದರಲ್ಲೇನೂ ತಪ್ಪಿಲ್ಲ. ಒಳ್ಳೆಯ ಮಾತೆಂದರೆ, ಮಷೀನು ಗೊತ್ತಿದ್ದವರೇ ಫೈಲು ಮಾಡುತ್ತಾರೆ. ಬ್ಲೀಡ್ ಎಷ್ಟು, ಡೈ ಎಲ್ಲಿ ಕೂರುತ್ತದೆ, ಪೌಚಿನ ಸೀಲಿಂಗ್ ಎಷ್ಟು ಅಗಲ ಅನ್ನುವುದರಲ್ಲಿ ತಪ್ಪುವುದು ಕಡಿಮೆ. ತಪ್ಪಿದರೆ ಅವರದೇ ಹೊಣೆ. ಡಿಸೈನರ್ ಪ್ರೆಸ್ಸಿನ ಕಡೆ, ಪ್ರೆಸ್ಸು ಡಿಸೈನರ್ ಕಡೆ ಬೆರಳು ತೋರುವ ಆಟ ಇಲ್ಲಿಲ್ಲ.

ಕೆಟ್ಟ ಮಾತೆಂದರೆ, ಅವರ ಹುಡುಗ ದಿನಕ್ಕೆ ಹತ್ತು ಕೆಲಸ ಮುಗಿಸಬೇಕು. ನಿಮ್ಮ ಕರದಂಟಿನ ಡಬ್ಬಿ ಪಕ್ಕದೂರಿನ ಕರದಂಟಿನ ಡಬ್ಬಿಯ ಅಣ್ಣನೋ ತಮ್ಮನೋ ಆಗಿರುತ್ತದೆ. ಹೆಸರು, ಫೋಟೋ ಬದಲು, ಉಳಿದದ್ದು ಅದೇ ಬಳ್ಳಿ, ಅದೇ ಕಮಾನು. ತಿದ್ದುವ ಫೈಲಂತೂ ಅವರಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಬೇರೆ ಪ್ರೆಸ್ಸಿಗೆ ಹೋಗೋಣವೆಂದರೆ ಮೊದಲಿನಿಂದ ಶುರು. ಆರ್ಡರ್ ಕೊಡುವ ದಿನವೇ "ಫೈಲ್ ನಮಗೂ ಕೊಡಬೇಕ್ರಿ" ಅಂತ ಹೇಳಿ ಬಿಲ್ಲಿನ ಮೇಲೆ ಬರೆಸಿಕೊಂಡರೆ ಕೊಡುತ್ತಾರೆ. ಮಾಲು ಮುಟ್ಟಿದ ಮೇಲೆ ಕೇಳಿದರೆ ಮುಖ ಸಿಂಡರಿಸುತ್ತಾರೆ.

ಕನ್ನಡ ಬಾರದ ಊರಿನ ಪ್ರೆಸ್ಸಾದರೆ ಅಕ್ಷರದ ಭಾಗವನ್ನಾದರೂ ಇಲ್ಲೇ ಕರ್ವ್ ಮಾಡಿಸಿ ಕಳಿಸಿ. ದ್ರಾಕ್ಷಿಯ ಕಥೆ ಈಗಷ್ಟೇ ಹೇಳಿದ್ದೇನೆ.

ಪ್ಯಾಕೇಜಿಂಗ್ ಡಿಸೈನರ್

ಬೆಂಗಳೂರು, ಪುಣೆಯ ಡಿಸೈನರುಗಳಿಗೆ ಕೊಡುವುದು, ಅಥವಾ ನಮ್ಮೂರಲ್ಲೇ ಮನೆಯಿಂದ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಕೊಡುವುದು. ಇಲಸ್ಟ್ರೇಟರ್ ಅನ್ನುವ ತಂತ್ರಾಂಶದಲ್ಲಿ ಮಾಡುತ್ತಾರೆ, ಪದರಗಳು ಚೊಕ್ಕ ಇರುತ್ತವೆ. ಒಂದೇ ಡಬ್ಬಿ ಅಲ್ಲ, ಕಾಲು ಕಿಲೋ, ಅರ್ಧ ಕಿಲೋ, ಗಿಫ್ಟ್ ಪ್ಯಾಕು, ಚೀಲ ಎಲ್ಲ ಒಂದೇ ಮನೆತನದವು ಅನ್ನುವ ಹಾಗೆ ಮಾಡಿಕೊಡುತ್ತಾರೆ. ದರ ಡಿಟಿಪಿಯ ಎಷ್ಟೋ ಪಟ್ಟು. ಸಮಯವೂ ವಾರಗಟ್ಟಲೆ.

ಇವರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ "ಕನ್ನಡದಾಗ ಮಾಡೀರೇನ್ರಿ?" ಇಲಸ್ಟ್ರೇಟರಿನಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ಸೌತ್ ಏಷ್ಯನ್ ಕಂಪೋಸರ್ ಆರಿಸದಿದ್ದರೆ ಅದೂ ನಮ್ಮ ಒತ್ತುಗಳನ್ನು ಒಡೆಯುತ್ತದೆ. ಗೊತ್ತಿದ್ದವರಿಗೆ ಅರ್ಧ ನಿಮಿಷದ ಕೆಲಸ, ಗೊತ್ತಿಲ್ಲದವರು ಇಂಗ್ಲಿಷ್ ಹೆಸರನ್ನು ದೊಡ್ಡದು ಮಾಡಿ ಕನ್ನಡವನ್ನು ಮೂಲೆಗೆ ತಳ್ಳುತ್ತಾರೆ. ಎರಡನೆಯದು ಪ್ರೆಸ್ಸಿನ ಹಿಡಿತ. ಕಾಗದದ ಮೇಲೆ ಡಬ್ಬಿ ಮಡಚಿ ನೋಡದ ಡಿಸೈನರ್ ಅಂಟು ಹಚ್ಚುವ ಅಂಚಿನ ಮೇಲೆ ವಿಳಾಸ ಬರೆದಿರುತ್ತಾನೆ.

ಇಳಕಲ್ ಸೀರೆಯ ಗಿಫ್ಟ್ ಡಬ್ಬಿಯಂಥ ಕೆಲಸಕ್ಕೆ ಮಾತ್ರ ನಾನು ನೇರ ಡಿಸೈನರ್ ಕಡೆ ಕಳಿಸುತ್ತೇನೆ. ಟೋಪ ತೆನಿಯ ಸೆರಗಿನ ಆಕಾರವನ್ನು ಚಿನ್ನದ ಫಾಯಿಲಿನಲ್ಲಿ ಒತ್ತಿಸುವ ಆಸೆ ಎಲ್ಲರಿಗೂ. ಮಾಮೂಲಿ ನಾಲ್ಕು ಬಣ್ಣದಲ್ಲಿ ಚಿನ್ನ ಬರುವುದಿಲ್ಲ, ಬರುವುದು ಸಾಸಿವೆ ಹಳದಿ. ಫಾಯಿಲಿಗೆ ಬೇರೆ ಪದರ, ಅದೂ ಪೂರ್ತಿ ಕಪ್ಪು ಒಂದೇ ಬಣ್ಣದಲ್ಲಿ, ಕರ್ವ್ ಆಗಿ. ಸೆರಗಿನ ಕೂದಲೆಳೆ ಗೆರೆಗಳು ಫಾಯಿಲಿನಲ್ಲಿ ತುಂಡಾಗುತ್ತವೆ, ಅವನ್ನು ದಪ್ಪ ಮಾಡಿ, ಕೆಲವನ್ನು ಬಿಟ್ಟು, ಆದರೂ ನೋಡಿದವರಿಗೆ ಇಳಕಲ್ ಅನ್ನಿಸುವ ಹಾಗೆ ಮಾಡುವುದಕ್ಕೆ ಕೈಯೂ ಕಣ್ಣೂ ಬೇಕು. ಗುಳೇದಗುಡ್ಡದ ಖಣದ ಬುಟ್ಟಾಗಳ ಮಾತೂ ಹೀಗೇ.

ಉಚಿತ ತಂತ್ರಾಂಶಗಳ ಬಗ್ಗೆ ಕಾಲೇಜು ಹುಡುಗರು ಕೇಳುತ್ತಾರೆ. ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ, ಗೆರೆಯ ಕೆಲಸಕ್ಕೆ, ಸ್ಕ್ರೀನ್ ಪ್ರಿಂಟಿಂಗಿಗೆ ಸೊಗಸು. ಸಿಎಂವೈಕೆ ಮಾತ್ರ ಅದರ ದೌರ್ಬಲ್ಯ. ಸ್ಕ್ರೈಬಸ್‌ನಲ್ಲಿ ಸಿಎಂವೈಕೆ ಇದೆ, 2024ರಲ್ಲಿ ಬಂದ 1.6 ಆವೃತ್ತಿ ಕನ್ನಡದ ಒತ್ತನ್ನೂ ಕೂಡಿಸುತ್ತದೆ. ಎರಡನ್ನೂ ಕಲಿಯಲು ತಾಳ್ಮೆ ಇದ್ದರೆ ರೊಕ್ಕ ಉಳಿಯುತ್ತದೆ. ಪ್ರೆಸ್ಸಿನವರು ಸಿಡಿಆರ್ ಕೇಳಿದಾಗ ಕರ್ವ್ ಮಾಡಿದ ಪಿಡಿಎಫ್ ಕೊಡಿ, ಅದು ಕೋರೆಲ್‌ನಲ್ಲೂ ತೆರೆಯುತ್ತದೆ.

ಯಾರು ಮಾಡಿದರೂ ನೀವೇ ನೋಡಬೇಕಾದ್ದು

ಬ್ಲೀಡ್ ಸುತ್ತಲೂ 3 ಮಿಲಿಮೀಟರ್. ಕತ್ತರಿ ಒಂದು ಕೂದಲು ಅತ್ತಿತ್ತ ಹೋದರೂ ಅಂಚಿನಲ್ಲಿ ಬಿಳಿ ಗೆರೆ ಇಣುಕಬಾರದು ಅಂತ ಬಣ್ಣವನ್ನು ಹೊರಗೆ ಹರಿಸುವುದು ಅದು. ಒಳಗಡೆಯೂ ಅಷ್ಟೇ ಜಾಗ ಅಕ್ಷರವಿಲ್ಲದೆ ಇರಲಿ. ಪೌಚಾದರೆ ಅಂಚಿನ ಸೀಲಿಂಗ್ ಪಟ್ಟಿ ಎಷ್ಟು, ಜಿಪ್ಪು ಎಲ್ಲಿ ಬರುತ್ತದೆ ಅಂತ ಪೌಚಿನವರಿಂದಲೇ ನಕ್ಷೆ ತರಿಸಿಕೊಂಡು ಅಷ್ಟು ಬಿಡಿ.

ತಿನಿಸಾದರೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಬೇಕು, ಒಂದೊಂದೇ ಅಂಕಿ ಬೆರಳಿಟ್ಟು ಓದಿ. ಸಸ್ಯಾಹಾರದ ಗುರುತು ಹಸಿರು ಚೌಕದೊಳಗೆ ಹಸಿರು ಬೊಟ್ಟು, ಚೌಕದ ಬದಿ ಬೊಟ್ಟಿನ ಅಡ್ಡಗಲದ ಎರಡರಷ್ಟಿರಬೇಕು. 2011ರ ಪೊಟ್ಟಣ ವಸ್ತುಗಳ ನಿಯಮದ ಪ್ರಕಾರ ತೂಕ, ಬೆಲೆ, ತಯಾರಕರ ವಿಳಾಸದಂಥ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡವನ್ನು ಜೊತೆಗೆ ಹಾಕಬಹುದು. ಪೂರ್ತಿ ಕನ್ನಡ ಲೇಬಲ್ ಮಾಡಿಸಿ ಆಮೇಲೆ ಮೇಲೊಂದು ಚೀಟಿ ಅಂಟಿಸಿದವರನ್ನು ನೋಡಿದ್ದೇನೆ.

ಬಾರ್‌ಕೋಡನ್ನು ಚಂದಕ್ಕಾಗಿ ಬಣ್ಣ ಮಾಡಬೇಡಿ. ಓದುವ ಯಂತ್ರದ ಬೆಳಕು ಕೆಂಪು. ಬಿಳಿಯ ಮೇಲೆ ಕೆಂಪು ಪಟ್ಟಿ ಅದಕ್ಕೆ ಕಾಣುವುದೇ ಇಲ್ಲ, ಕರದಂಟಿನ ಕಂದೂ ಅಪಾಯವೇ. ಬಿಳಿ ಮೇಲೆ ಕಪ್ಪು, ಮುಗಿಯಿತು. 13 ಅಂಕಿಯ ಬಾರ್‌ಕೋಡಿನ ಪೂರ್ಣ ಅಳತೆ ಸುತ್ತಲಿನ ಖಾಲಿ ಜಾಗ ಸೇರಿ 37.29 ಮಿಲಿಮೀಟರ್ ಅಗಲ, 25.93 ಎತ್ತರ. ಪ್ರತಿಶತ 80ಕ್ಕಿಂತ ಕುಗ್ಗಿಸಬೇಡಿ. ಸಣ್ಣ ದುಂಡು ಬಾಟಲಿಯಾದರೆ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡಲಾಗಿ ಬರುವ ಹಾಗೆ ತಿರುಗಿಸಿ.

ಬೆಲೆ, ತಾರೀಖು, ಬ್ಯಾಚ್ ನಂಬರಿಗೆ ಖಾಲಿ ಬಿಳಿ ಜಾಗ ಬಿಡಿಸಿ, ಆ ಜಾಗಕ್ಕೆ ಲ್ಯಾಮಿನೇಷನ್ ಅಥವಾ ಯುವಿ ಹೊಳಪು ಬೇಡ ಅಂತ ಪ್ರೆಸ್ಸಿಗೆ ಹೇಳಿ. ಮೇಲೆ ನುಣುಪಿದ್ದರೆ ಠಸ್ಸೆಯ ಮಸಿ ನಿಲ್ಲುವುದಿಲ್ಲ, ಬೆರಳು ತಾಗಿದರೆ ಅಳಿಸುತ್ತದೆ.

ಫೈಲನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಹಾಗಾದರೆ ನಿಮಗೆ ಯಾವುದು

ಈಗಷ್ಟೇ ಶುರು ಮಾಡಿದ್ದೀರಿ, ತಿಂಗಳಿಗೆ ನೂರಿನ್ನೂರು ಪ್ಯಾಕೆಟ್ಟು, ರುಚಿಯನ್ನೇ ಇನ್ನೂ ಬದಲಿಸುತ್ತಿದ್ದೀರಿ ಎಂದಾದರೆ ರೆಡಿಮೇಡ್ ಪೌಚು ತಂದು, ಕ್ಯಾನ್ವಾದಲ್ಲಿ ಸ್ಟಿಕ್ಕರ್ ಮಾಡಿ ಡಿಜಿಟಲ್ ತೆಗೆಸಿ. ಮೊದಲ ವರ್ಷ ಬೇರೇನೂ ಬೇಡ. ಪ್ಯಾಕೆಟ್ ಒಂದಕ್ಕೆ ಸ್ಟಿಕ್ಕರ್ ಖರ್ಚು ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಮನೆಯ ಮೂಲೆಯಲ್ಲಿ 5,000 ತಪ್ಪು ಪೌಚು ಕೂಡಿ ಬೀಳುವುದಿಲ್ಲ.

ವಹಿವಾಟು ನೆಲೆ ನಿಂತಿದೆ, ಹಬ್ಬಕ್ಕೆ ಸಾವಿರ ಎರಡು ಸಾವಿರ ಡಬ್ಬಿ ಬೇಕು, ಬಜೆಟ್ಟೂ ನಡುಮಟ್ಟದ್ದು ಅಂದರೆ ಡಿಟಿಪಿ ಅಂಗಡಿ, ಪ್ರೆಸ್ಸಿನಿಂದಲೇ ತಂದ ಡೈ ನಕ್ಷೆಯ ಮೇಲೆ. ಡಿಸೈನಿನ ಕಲ್ಪನೆ ಕ್ಯಾನ್ವಾದಲ್ಲಿ ನೀವೇ ಮಾಡಿ ತಂದು, ಫೈಲನ್ನು ಡಿಟಿಪಿಯಲ್ಲಿ ಕಟ್ಟಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಲಾಭದ ದಾರಿ. ಗಿರಾಕಿಯ ಮನಸ್ಸಿನಲ್ಲೇನಿದೆ ಅಂತ ಊಹಿಸುವುದರಲ್ಲೇ ನಮ್ಮ ಅರ್ಧ ದಿನ ಹೋಗುತ್ತದೆ, ಅದು ಉಳಿಯುತ್ತದೆ.

ಹಬ್ಬ ಹತ್ತು ದಿನಕ್ಕೆ ಬಂದಿದೆ, ಸಮಯವೇ ಇಲ್ಲ ಅನ್ನುವವರು ಪ್ರೆಸ್ಸಿನವರಿಗೇ ಬಿಡಿ, ಚಂದದ ಆಸೆ ಈ ಸಲಕ್ಕೆ ಪಕ್ಕಕ್ಕಿಡಿ. ಸಿಲಿಂಡರ್ ಪೌಚು, ಬೇರೆ ರಾಜ್ಯದ ಮಾರುಕಟ್ಟೆ, ನಾಲ್ಕೈದು ಗಾತ್ರ ಇದ್ದವರು ಡಿಸೈನರಿಗೆ ಕೊಡಿ. ಸಿಲಿಂಡರಿಗೆ ಹಾಕುವ ರೊಕ್ಕದ ಮುಂದೆ ಅವರ ಫೀ ದೊಡ್ಡದಲ್ಲ. ಕನ್ನಡ ಪ್ರೂಫನ್ನು ಮಾತ್ರ ನಿಮ್ಮ ಮನೆಯವರೇ ಇಬ್ಬರು ಓದಲಿ, ಅದರಲ್ಲೂ ಡಿಸೈನನ್ನು ಮೊದಲ ಸಲ ನೋಡುವವರು ಒಬ್ಬರಿರಲಿ.

ಯಾವ ದಾರಿಯಾದರೂ ಪ್ಲೇಟಿಗೆ ಕಳಿಸುವ ಮುನ್ನ ಮಾಮೂಲಿ ಪ್ರಿಂಟರಿನಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ಒಂದು ಕಾಪಿ ತೆಗೆದು, ಕತ್ತರಿಸಿ, ಸುತ್ತಿ, ಮಡಚಿ ನೋಡಿ. ಹೋದ ಸಲ ಶೇಂಗಾ ಚಟ್ನಿಯ ಒಬ್ಬ ಅಕ್ಕ ಲೇಬಲ್ ಪಾಸು ಮಾಡಲು ಬಂದಾಗ ಖಾಲಿ ಬಾಟಲಿಯನ್ನೂ ಚೀಲದಲ್ಲಿ ತಂದಿದ್ದರು. ಅಡ್ಡಗಲ 7 ಸೆಂಟಿಮೀಟರ್, ಸುತ್ತಳತೆ ಸುಮಾರು 22. ಲೇಬಲ್ 22.5 ಮಾಡಿದ್ದೆ, ಅರ್ಧ ಸೆಂಟಿಮೀಟರ್ ಒಂದರ ಮೇಲೊಂದು ಕೂರಲೆಂದು. ಪರದೆಯ ಮೇಲೆ ಎಲ್ಲ ಚೊಕ್ಕ ಕಂಡಿತ್ತು. ಕಾಗದ ಕತ್ತರಿಸಿ ಬಾಟಲಿಗೆ ಸುತ್ತಿ ಹೆಬ್ಬೆರಳಿನಿಂದ ಅದುಮಿ ಹಿಡಿದ ಅವರು, ಕನ್ನಡಕ ಮೇಲೇರಿಸಿ, ಬಾಟಲಿ ತಿರುಗಿಸುತ್ತ ನಿಧಾನಕ್ಕೆ ಓದತೊಡಗಿದರು.

"ಅಣ್ಣಾ, ಲೈಸೆನ್ಸ್ ನಂಬರ್ ಹನ್ನೆರಡೇ ಅಂಕಿ ಅದಾವಲ್ಲ?"

ಉಳಿದ ಎರಡು, ಮೇಲೆ ಬಂದು ಕೂತ ಅಂಚಿನ ಕೆಳಗೆ ಸೇರಿಕೊಂಡಿದ್ದವು. ವಿವರದ ಸಾಲುಗಳನ್ನೆಲ್ಲ 8 ಮಿಲಿಮೀಟರ್ ಎಡಕ್ಕೆ ಸರಿಸಿ, ಇನ್ನೊಂದು ಕಾಪಿ ತೆಗೆದು, ಮತ್ತೆ ಬಾಟಲಿಗೆ ಸುತ್ತಿ ಹದಿನಾಲ್ಕನ್ನೂ ಎಣಿಸಿದ ಮೇಲೆಯೇ ಅವರು ಸಹಿ ಮಾಡಿದ್ದು.